ಎನ್‌ಕೋಡರ್‌ಗೆ ನಿಜಕ್ಕೂ 5 ವೋಲ್ಟ್ ತಲುಪುತ್ತಿದೆಯಾ? ನನ್ನ ಸರ್ವೋ ವೈರಿಂಗ್ ಅನುಭವ

ನನ್ನ ಚಿಕ್ಕ ಮಿಲ್ಲಿಂಗ್ ಮಷಿನ್‌ನಲ್ಲಿದ್ದ ಸ್ಟೆಪ್ಪರ್ ಮೋಟರ್ ತೆಗೆದು ಡಿಸಿ ಸರ್ವೋ ಹಾಕಿದ ಮೊದಲ ವಾರವೇ ಎಕ್ಸ್ ಆ್ಯಕ್ಸಿಸ್ ಜಾಗ ತಪ್ಪಲು ಶುರುವಾಯಿತು. ಸರ್ವೋದಲ್ಲಿ ಮೋಟರ್ ಹಿಂದಿರುವ ಎನ್‌ಕೋಡರ್ ಶಾಫ್ಟ್ ಎಷ್ಟು ತಿರುಗಿತು ಎಂದು ಪಲ್ಸ್‌ಗಳಲ್ಲಿ ಹೇಳುತ್ತದೆ, ಡ್ರೈವ್ ಆ ಪಲ್ಸ್ ಎಣಿಸಿಕೊಂಡು ಮೋಟರ್ ಓಡಿಸುತ್ತದೆ. ಒಂದೇ ಸಲಕ್ಕೆ ಜಾಸ್ತಿ ತಪ್ಪುತ್ತಿರಲಿಲ್ಲ, ಕೂದಲೆಳೆಯಷ್ಟೇ. ಆದರೆ ಅರ್ಧ ಗಂಟೆ ಓಡಿಸಿ ಸೊನ್ನೆಗೆ ವಾಪಸ್ ತಂದರೆ, ಶಾಫ್ಟ್ ಮೇಲೆ ಮಾರ್ಕರ್‌ನಲ್ಲಿ ಎಳೆದ ಗೆರೆ ಮೊದಲಿನ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಡ್ರೈವ್‌ನ ಲೆಕ್ಕದಲ್ಲಿ ಮಾತ್ರ ಎಲ್ಲ ಸರಿ, ಎರರ್ ಸೊನ್ನೆ.

ಎರಡು ಸಂಜೆ ಪಿಐಡಿ ಟ್ಯೂನಿಂಗ್‌ನಲ್ಲೇ, ಅಂದರೆ ತಪ್ಪನ್ನು ಡ್ರೈವ್ ಎಷ್ಟು ಜೋರಾಗಿ ತಿದ್ದಬೇಕು ಎಂಬ ಹೊಂದಾಣಿಕೆಯಲ್ಲೇ ಕಳೆದವು. ಆಮೇಲೆ ಕೂತು ಯೋಚಿಸಿದಾಗ ವಿಷಯ ಹೊಳೆಯಿತು. ಟ್ಯೂನಿಂಗ್ ಸರಿ ಇಲ್ಲದಿದ್ದರೆ ಮೋಟರ್ ನಡುಗುತ್ತದೆ, ಗುಂಯ್‌ಗುಡುತ್ತದೆ, ಗುರಿ ದಾಟಿ ಹೋಗಿ ವಾಪಸ್ ಬರುತ್ತದೆ. ಆದರೆ ಎಣಿಕೆ ಕಳೆದುಹೋಗುವುದಿಲ್ಲ. ಎಣಿಕೆಯೇ ತಪ್ಪಿದ್ದರೆ ಎನ್‌ಕೋಡರ್‌ನಿಂದ ಡ್ರೈವ್‌ವರೆಗಿನ ದಾರಿಯಲ್ಲೇ ಏನೋ ಆಗಿದೆ ಎಂದರ್ಥ.

ಮೋಟರ್ ಹಿಂಭಾಗದ ಮುಚ್ಚಳ ಬಿಚ್ಚಿದೆ. ಮೋಟರ್ ಓಡುತ್ತಿರುವಾಗಲೇ ಎನ್‌ಕೋಡರ್‌ನ ಪವರ್ ಪಿನ್‌ಗಳ ಮೇಲೆ ಮಲ್ಟಿಮೀಟರ್ ಇಟ್ಟೆ. ಡ್ರೈವ್‌ನ ಟರ್ಮಿನಲ್‌ನಲ್ಲಿ 4.98 ವೋಲ್ಟ್ ಇತ್ತು. ಇಲ್ಲಿ 4.63. ಈ ಎನ್‌ಕೋಡರ್‌ನ ಡೇಟಾಶೀಟ್ 5 ವೋಲ್ಟ್‌ಗೆ ಶೇಕಡಾ 5 ಹೆಚ್ಚುಕಡಿಮೆ ಎನ್ನುತ್ತದೆ, ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು.

ಲೆಕ್ಕ ಹಾಕಿದರೆ ಕಾರಣ ಕೈಗೆ ಸಿಗುತ್ತದೆ. ನಾನು ಎಳೆದಿದ್ದು 28 ಗೇಜ್ ವೈರ್, 5 ಮೀಟರ್. ಈ ವೈರ್‌ಗೆ ಮೀಟರ್‌ಗೆ ಸುಮಾರು 0.21 ಓಮ್ ರೆಸಿಸ್ಟೆನ್ಸ್. ಕರೆಂಟ್ ಹೋಗಬೇಕು, ವಾಪಸ್ಸೂ ಬರಬೇಕು. ಹಾಗಾಗಿ ಲೆಕ್ಕಕ್ಕೆ 10 ಮೀಟರ್, ಒಟ್ಟು 2.1 ಓಮ್. ಎನ್‌ಕೋಡರ್ ಎಳೆಯುತ್ತಿದ್ದುದು 140 ಮಿಲಿಆಂಪ್. ಸುಮಾರು 0.3 ವೋಲ್ಟ್ ವೈರ್‌ನಲ್ಲೇ ಹೋಯಿತು. ಉಳಿದದ್ದನ್ನು ಕನೆಕ್ಟರ್‌ಗಳು ತಿಂದವು. ಎನ್‌ಕೋಡರ್ ಒಳಗಿನ ಎಲ್‌ಇಡಿಗೇ ಇಷ್ಟೊಂದು ಕರೆಂಟ್ ಬೇಡ. ಡಿಫರೆನ್ಷಿಯಲ್ ಔಟ್‌ಪುಟ್ (ಪ್ರತಿ ಸಿಗ್ನಲ್ ಜೊತೆ ಅದರ ಉಲ್ಟಾ ಸಿಗ್ನಲ್ಲೂ ಇನ್ನೊಂದು ವೈರ್‌ನಲ್ಲಿ ಹೋಗುವುದು) ಇದ್ದರೆ, ಆಚೆ ತುದಿಯಲ್ಲಿ 120 ಓಮ್ ಟರ್ಮಿನೇಶನ್ ರೆಸಿಸ್ಟರ್ ಹಾಕಿದ ಒಂದೊಂದು ಜೋಡಿಗೂ ಸುಮಾರು 25 ಮಿಲಿಆಂಪ್ ಬೇಕು. ಮೂರು ಜೋಡಿಗೆ 75. ಅದೂ ಅದೇ ತೆಳು ವೈರ್‌ನಲ್ಲೇ ಬರಬೇಕು.

ಸಪ್ಲೈಯನ್ನೇ 5.3ಕ್ಕೆ ಏರಿಸಿಬಿಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಟರ್ಮಿನೇಶನ್ ತೆಗೆದ ದಿನ ಅಥವಾ ಚಿಕ್ಕ ಕೇಬಲ್ ಹಾಕಿದ ದಿನ ಎನ್‌ಕೋಡರ್‌ಗೆ ಮಿತಿ ಮೀರಿದ ವೋಲ್ಟೇಜ್ ಹೋಗುತ್ತದೆ. ನಾನು ಪವರ್‌ಗೆ ಮಾತ್ರ 22 ಗೇಜ್ ವೈರ್ ಹಾಕಿದೆ. ಇದಕ್ಕೆ ಮೀಟರ್‌ಗೆ ಸುಮಾರು 0.053 ಓಮ್. ಎನ್‌ಕೋಡರ್ ಪಿನ್‌ಗಳ ಹತ್ತಿರವೇ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಒಂದು, 47 ಮೈಕ್ರೋಫ್ಯಾರಡ್ ಒಂದು ಬೆಸುಗೆ ಹಾಕಿದೆ. ಮೀಟರ್ 4.9 ತೋರಿಸಿತು.

ಜಾರುವುದು ತುಂಬಾ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಇನ್ನೊಂದು ತಪ್ಪು ಕೇಬಲ್ ಒಳಗಿತ್ತು. ತಿರುಚಿದ ಜೋಡಿಗಳ ಕೇಬಲ್ ತಂದಿದ್ದೆ, ಆದರೆ ಬಣ್ಣ ನೋಡಿಕೊಂಡು ಎನ್‌ಕೋಡರ್‌ನ ಎರಡು ಎಣಿಕೆ ಸಿಗ್ನಲ್‌ಗಳಾದ ಎ ಮತ್ತು ಬಿ ಒಂದು ಜೋಡಿಗೆ, ಅವುಗಳ ಉಲ್ಟಾ ಸಿಗ್ನಲ್‌ಗಳು ಇನ್ನೊಂದು ಜೋಡಿಗೆ ಹಾಕಿದ್ದೆ. ಎ ಜೊತೆ ಅದರ ಉಲ್ಟಾ ಸಿಗ್ನಲ್ಲೇ ಸುತ್ತಿಕೊಂಡಿರಬೇಕು. ಆಗ ಹೊರಗಿನ ಗದ್ದಲ ಎರಡು ವೈರ್‌ಗೂ ಒಂದೇ ಸಮ ಬೀಳುತ್ತದೆ, ರಿಸೀವರ್ ಅವೆರಡರ ವ್ಯತ್ಯಾಸ ಮಾತ್ರ ನೋಡುತ್ತದೆ. ಜೋಡಿ ಸರಿಮಾಡಿದ ಮೇಲೆ ಎಕ್ಸ್ ಆ್ಯಕ್ಸಿಸ್ ಎರಡು ಗಂಟೆ ಹಿಂದೆಮುಂದೆ ಓಡಿ ಬಂದು ನಿಂತಿತು. ಗೆರೆಗೆ ಗೆರೆ ಕೂಡಿತ್ತು. ಟಾರ್ಚ್ ಹಿಡಿದು ಎರಡು ಸಲ ನೋಡಿದೆ.

ವೈ ಆ್ಯಕ್ಸಿಸ್‌ನದು ಬೇರೆ ಕಥೆ. ಅದರ ಎನ್‌ಕೋಡರ್ ಓಪನ್ ಕಲೆಕ್ಟರ್. ಅಂದರೆ ಔಟ್‌ಪುಟ್ ಸಿಗ್ನಲ್ ಅನ್ನು ಕೆಳಗೆ ಎಳೆಯುತ್ತದೆ ಅಷ್ಟೇ, ಮೇಲೆ ಏರಿಸಲು 5 ವೋಲ್ಟ್‌ಗೆ ಕಟ್ಟಿದ ಪುಲ್‌ಅಪ್ ರೆಸಿಸ್ಟರ್ ಬೇಕು. ನಿಧಾನವಾಗಿ ಓಡಿದರೆ ಏನೂ ತೊಂದರೆ ಇಲ್ಲ, ವೇಗ ಹೆಚ್ಚಿಸಿದರೆ ಎಣಿಕೆ ಹಾಳು. 1000 ಗೆರೆಯ ಎನ್‌ಕೋಡರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದೊಂದು ಚಾನೆಲ್‌ನಲ್ಲೂ 50 ಕಿಲೋಹರ್ಟ್ಸ್ ಬರುತ್ತದೆ. ಎ ಬದಲಾದ 5 ಮೈಕ್ರೋಸೆಕೆಂಡಿಗೆ ಬಿ ಬದಲಾಗುತ್ತದೆ. ಡ್ರೈವ್ ಒಳಗೆ ಇದ್ದದ್ದು 10 ಕಿಲೋಓಮ್ ಪುಲ್‌ಅಪ್. ಕೇಬಲ್‌ನ ಕೆಪ್ಯಾಸಿಟೆನ್ಸ್ 500 ಪಿಕೋಫ್ಯಾರಡ್ ಆಸುಪಾಸು. ಎರಡನ್ನೂ ಗುಣಿಸಿದರೆ ಬರುವುದು ಅದೇ 5 ಮೈಕ್ರೋಸೆಕೆಂಡ್! ಸ್ಕೋಪ್‌ನಲ್ಲಿ ನೋಡಿದಾಗ ಅಲೆ ಇಳಿಯುವಾಗ ಗೋಡೆಯ ಹಾಗೆ ನೆಟ್ಟಗೆ ಇಳಿಯುತ್ತಿತ್ತು, ಏರುವಾಗ ಗುಡ್ಡದ ಹಾಗೆ ಬಾಗಿ ಏರುತ್ತಿತ್ತು. ಎ ಪೂರ್ತಿ ಮೇಲೆ ಬರುವ ಮೊದಲೇ ಬಿ ಸರದಿ ಬಂದುಬಿಡುತ್ತಿತ್ತು.

1 ಕಿಲೋಓಮ್ ಪುಲ್‌ಅಪ್ ಸೇರಿಸಿದ ಕೂಡಲೇ ಅಂಚು ಚೂಪಾಯಿತು. ಆಗ ಔಟ್‌ಪುಟ್ 5 ಮಿಲಿಆಂಪ್ ಹೀರಬೇಕಾಗುತ್ತದೆ, ನಿಮ್ಮ ಎನ್‌ಕೋಡರ್ ಅದನ್ನು ತಡೆಯುತ್ತದಾ ಎಂದು ಡೇಟಾಶೀಟ್ ನೋಡಿಕೊಳ್ಳಿ. ಆಮೇಲೆ ನಾನು ಆ ರೆಸಿಸ್ಟರ್‌ಗಳನ್ನು ಮೋಟರ್ ಹಿಂದಕ್ಕೇ ತಂದು, ಪಕ್ಕದಲ್ಲಿ 26ಸಿ31 ಲೈನ್ ಡ್ರೈವರ್ ಚಿಪ್ ಕೂರಿಸಿದೆ. ಈಗ ವೈ ಕೂಡ ಡಿಫರೆನ್ಷಿಯಲ್. ಕೇಬಲ್ 1 ಮೀಟರ್‌ಗಿಂತ ಉದ್ದ ಇದ್ದರೆ ನಾನಂತೂ ಇದನ್ನೇ ಮಾಡುತ್ತೇನೆ.

ಎರಡು ಎನ್‌ಕೋಡರ್ ಆದಮೇಲೆ ಡ್ರೈವ್‌ಗಳ 5 ವೋಲ್ಟ್ ಮೇಲೆ ಭಾರ ಹಾಕುವುದು ಬೇಡ ಅನಿಸಿ, 24 ವೋಲ್ಟ್‌ನಿಂದ 7805 ರೆಗ್ಯುಲೇಟರ್ ಇಟ್ಟು ಬೇರೆ ಸಪ್ಲೈ ಮಾಡಿದೆ. 19 ವೋಲ್ಟ್ ಸುಮ್ನೆ ಬಿಸಿಯಾಗಿ ಹೋಗಬೇಕು. 200 ಮಿಲಿಆಂಪ್‌ಗೆ 3.8 ವಾಟ್. ಹೀಟ್‌ಸಿಂಕ್ ಇರಲಿಲ್ಲ, ಕೆಲವೇ ನಿಮಿಷದಲ್ಲಿ ತನ್ನಷ್ಟಕ್ಕೇ ಆಫ್ ಆಯಿತು. ಎನ್‌ಕೋಡರ್ ಸತ್ತರೆ ಡ್ರೈವ್‌ಗೆ ಮೋಟರ್ ನಿಂತ ಹಾಗೆ ಕಾಣುತ್ತದೆ, ಅದು ಇನ್ನೂ ಜೋರಾಗಿ ತಳ್ಳುತ್ತದೆ. ಟೇಬಲ್ ತುದಿಗೆ ಬಡಿದ ಸದ್ದು ನನಗಿನ್ನೂ ನೆನಪಿದೆ. ಈಗ ಅಲ್ಲಿ ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಇದೆ. ಅದರ ಗ್ರೌಂಡ್ ಡ್ರೈವ್‌ನ ಎನ್‌ಕೋಡರ್ ಗ್ರೌಂಡ್‌ಗೆ ಸೇರಿದೆ, ಇಲ್ಲದಿದ್ದರೆ ಸಿಗ್ನಲ್‌ಗೆ ಅರ್ಥವೇ ಇರುವುದಿಲ್ಲ ಅಲ್ವಾ. ಜೊತೆಗೆ ಅದೇ 5 ವೋಲ್ಟ್‌ಗೆ ಚಿಕ್ಕ ರಿಲೇ ಒಂದನ್ನು ಹಾಕಿ, ಡ್ರೈವ್‌ಗಳನ್ನು ಆನ್ ಇಡುವ ಎನೇಬಲ್ ವೈರ್ ಅದರ ಮೂಲಕ ಹೋಗುವಂತೆ ಮಾಡಿದ್ದೇನೆ. 5 ವೋಲ್ಟ್ ಹೋದರೆ ಎನೇಬಲ್ಲೂ ಹೋಗುತ್ತದೆ. ಪವರ್ ಇರುವಾಗ ಎನ್‌ಕೋಡರ್ ಕನೆಕ್ಟರ್ ಎಳೆಯುವುದನ್ನೂ ಅಂದಿನಿಂದ ಬಿಟ್ಟಿದ್ದೇನೆ.

ಕೇಬಲ್‌ನ ಶೀಲ್ಡ್, ಅಂದರೆ ವೈರ್‌ಗಳ ಸುತ್ತಲಿನ ಲೋಹದ ಹೊದಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರೈವ್ ಕಡೆ ಮಾತ್ರ ಗ್ರೌಂಡ್ ಮಾಡಿದ್ದೇನೆ. ಮೋಟರ್ ಕೇಬಲ್ ಬೇರೆ ದಾರಿಯಲ್ಲಿ ಹೋಗುತ್ತದೆ, ಅಡ್ಡ ಬಂದಲ್ಲಿ ಲಂಬ ಕೋನದಲ್ಲಿ ದಾಟುತ್ತದೆ.

ಮೊದಲ ಸಲ ಪವರ್ ಕೊಡುವಾಗ ಮೋಟರ್ ಅನ್ನು ಟೇಬಲ್ ಓಡಿಸುವ ಉದ್ದ ಸ್ಕ್ರೂನಿಂದ ಬಿಡಿಸಿ, ಡ್ರೈವ್‌ನ ಕರೆಂಟ್ ಮಿತಿ ತಗ್ಗಿಸಿಡಿ. ಡ್ರೈವ್ ಎನೇಬಲ್ ಮಾಡದೆ ಶಾಫ್ಟ್ ಅನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. 1000 ಗೆರೆಗೆ 4000 ಎಣಿಕೆ ಬರಬೇಕು, ಒಂದೊಂದು ಗೆರೆಗೂ ಎ, ಬಿ ಎರಡೂ ಸೇರಿ ನಾಲ್ಕು ಸಲ ಬದಲಾಗುತ್ತವೆ. ಎನೇಬಲ್ ಮಾಡಿದ ಕೂಡಲೇ ಮೋಟರ್ ಒಂದೇ ದಿಕ್ಕಿಗೆ ಓಡಿದರೆ ಗಾಬರಿ ಬೇಡ, ದಿಕ್ಕು ಉಲ್ಟಾ ಆಗಿದೆ ಅಷ್ಟೇ. ಎ ಮತ್ತು ಅದರ ಉಲ್ಟಾ ವೈರ್ ಅದಲುಬದಲು ಮಾಡಿದರೆ ಸಾಕು.

ಈ ವಾರ ಝಡ್ ಆ್ಯಕ್ಸಿಸ್‌ಗೆ ವೈರ್ ಎಳೆಯುತ್ತಿದ್ದೇನೆ. ಎನ್‌ಕೋಡರ್ ಬೋರ್ಡ್ ಮೇಲೆ ಮೊದಲು ಬೆಸುಗೆ ಹಾಕಿದ್ದು ಎರಡು ಸಣ್ಣ ಕಡ್ಡಿಗಳನ್ನು, ಒಂದು 5 ವೋಲ್ಟ್‌ಗೆ, ಒಂದು ಗ್ರೌಂಡ್‌ಗೆ. ಮುಚ್ಚಳದಲ್ಲಿ ತೂತು ಕೊರೆದಿದ್ದೇನೆ. ಇನ್ನು ಮುಚ್ಚಳ ಬಿಚ್ಚದೆಯೇ ಅಲ್ಲಿ ಮೀಟರ್ ಇಡಬಹುದು.