ದೋಷಪಟ್ಟಿ ಸಮೇತ ಮಾರಿದ ಕಾರು

ಮಾರಲು ಹೊರಟಾಗ ನನ್ನ ಕಾರಿನಲ್ಲಿ ಮೂರು ತೊಂದರೆಗಳು ಬಗೆಹರಿಯದೆ ಉಳಿದಿದ್ದವು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಎಂಜಿನ್ ಮಿಸ್ ಹೊಡೆಯುತ್ತಿತ್ತು, ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ತಡವರಿಸುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಒಮ್ಮೊಮ್ಮೆ ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೈಕೊಟ್ಟು, ಕಾರು ತಾನಾಗಿಯೇ ಶಕ್ತಿ ತಗ್ಗಿಸಿಕೊಂಡು ತೆವಳುತ್ತಿತ್ತು. ಕೆಲವು ದಿನ ನಿಲ್ಲಿಸಿಟ್ಟರೆ ಬ್ಯಾಟರಿ ಇಳಿದುಹೋಗುತ್ತಿತ್ತು. ಇವುಗಳಲ್ಲಿ ಯಾವುದೂ ಕರೆದಾಗ ಬರುವಂಥದ್ದಲ್ಲ. ಗ್ಯಾರೇಜಿಗೆ ಒಯ್ದ ದಿನವೆಲ್ಲ ಕಾರು ಪರಮ ಸಭ್ಯ.

ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಕೈಯಿಂದ ಬದಲಿಸುವ ಆರು ಗೇರ್, ಬಿಗಿಯಾದ ಸಸ್ಪೆನ್ಶನ್. ಓಡಿಸುವ ಹುಚ್ಚಿರುವವರು ಹುಡುಕಿಕೊಂಡು ಬರುವ ಜಾತಿಯ ಹ್ಯಾಚ್‌ಬ್ಯಾಕ್ ಅದು. ಇಂಥ ಕಾರಿನ ಕಷ್ಟವೇನೆಂದರೆ, ಸಾಧಾರಣ ಕಾರು ಕೊಳ್ಳುವವರು ಇದರ ಹತ್ತಿರ ಸುಳಿಯುವುದಿಲ್ಲ. ಸುಳಿಯುವವರು ಬರುವಾಗಲೇ ಅನುಮಾನ ಹೊತ್ತು ಬರುತ್ತಾರೆ. ಹಿಂದಿನವನು ಇದನ್ನು ಹೇಗೆಲ್ಲ ಬಡಿದು ಓಡಿಸಿರಬಹುದು ಎಂಬ ಪ್ರಶ್ನೆ ಅವರ ಮುಖದ ಮೇಲೇ ಇರುತ್ತದೆ.

ಪರಿಚಯದವರು ಕೊಟ್ಟ ಮೊದಲ ಸಲಹೆ, ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್‌ಗಳನ್ನು ಅಳಿಸಿಬಿಡುವುದು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಆ ಕೋಡ್ ಓದುವ ಸ್ಕ್ಯಾನರ್ ಚುಚ್ಚಿ ಒಂದು ಗುಂಡಿ ಒತ್ತಿದರೆ ಎಂಜಿನ್ ಎಚ್ಚರಿಕೆಯ ದೀಪ ಆರುತ್ತದೆ, ನಿಜ. ಆದರೆ ಅದರ ಜೊತೆಗೆ ಕಾರಿನ ಕಂಪ್ಯೂಟರ್ ತನ್ನ ಸ್ವಯಂಪರೀಕ್ಷೆಗಳ ಫಲಿತಾಂಶವನ್ನೂ ಒರೆಸಿಹಾಕುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಇಂಧನ ಆವಿಯ ವ್ಯವಸ್ಥೆ ಇವೆಲ್ಲ ‘ಪರೀಕ್ಷೆ ಪೂರ್ಣಗೊಂಡಿಲ್ಲ’ ಎಂಬ ಸ್ಥಿತಿಗೆ ಹೋಗುತ್ತವೆ. ಮತ್ತೆ ಪೂರ್ಣಗೊಳ್ಳಲು ಬಗೆಬಗೆಯ ವೇಗದಲ್ಲಿ ಒಂದಷ್ಟು ದಿನ ಓಡಿಸಬೇಕು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಹಲವು ಕಾರುಗಳು ಕೇಳಿದವರಿಗೆ ಹೇಳಿಬಿಡುತ್ತವೆ. ಇಂಥ ಕಾರು ನೋಡಲು ಬರುವವರ ಜೇಬಿನಲ್ಲಿ ಸ್ಕ್ಯಾನರ್ ಇರುತ್ತದೆ. ನಿನ್ನೆ ಸಂಜೆ ಒರೆಸಿದ್ದು ಇಂದು ಬೆಳಿಗ್ಗೆ ಕಂಡರೆ, ಆಮೇಲೆ ನಾನು ಹೇಳುವ ಸತ್ಯವನ್ನೂ ಯಾರು ನಂಬುತ್ತಾರೆ? ಅದಿರಲಿ, ಗೊತ್ತಿರುವ ದೋಷವನ್ನು ಬಚ್ಚಿಟ್ಟು ಮಾರುವುದಕ್ಕೆ ಮೋಸವೆಂಬ ಹೆಸರು ಮೊದಲಿನಿಂದಲೂ ಇದೆ.

ಎರಡನೆಯ ಸಲಹೆ, ಎಲ್ಲವನ್ನೂ ರಿಪೇರಿ ಮಾಡಿಸಿಯೇ ಮಾರುವುದು. ಮೂಲ ಗೊತ್ತಿರುವ ದೋಷವಾದರೆ ಸರಿ. ಮೂಲವೇ ಸಿಗದಿರುವಾಗ ರಿಪೇರಿ ಎಂದರೆ ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋಗುವುದು. ಆ ಖರ್ಚು ಮಾರಾಟದ ಬೆಲೆಯಲ್ಲಿ ಹಿಂದಿರುಗುವುದಿಲ್ಲ.

ನಾನು ಹಿಡಿದ ದಾರಿ ಇವೆರಡರ ನಡುವಿನದು: ರಿಪೇರಿಗೆ ಹಣ ಹಾಕಲಿಲ್ಲ, ಪರೀಕ್ಷೆಗೆ ಹಾಕಿದೆ. ಕೊಳ್ಳುವವನು ದೋಷಕ್ಕೆ ಬೆಲೆ ಕಡಿತಗೊಳಿಸುವುದಕ್ಕಿಂತ ಹೆಚ್ಚಾಗಿ ತನಗೆ ಗೊತ್ತಿಲ್ಲದ್ದಕ್ಕೆ ಕಡಿತಗೊಳಿಸುತ್ತಾನೆ. ‘ಎಂಜಿನ್ ಮಿಸ್ ಹೊಡೆಯುತ್ತದೆ’ ಎಂದಷ್ಟೇ ಹೇಳಿದರೆ ಅವನ ಕಣ್ಣ ಮುಂದೆ ಬಿಚ್ಚಿ ಹರಡಿದ ಎಂಜಿನ್ ಬರುತ್ತದೆ. ಆ ಚಿತ್ರವನ್ನು ಚಿಕ್ಕದಾಗಿಸುವುದು ಮಾರುವವನ ಕೆಲಸ.

ಸ್ಕ್ಯಾನರ್ ತೋರಿಸುತ್ತಿದ್ದ ಕೋಡ್ ಪಿ0301, ಅಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್ಸಿಂಗ್. ಮೊದಲ ಸಿಲಿಂಡರಿನಲ್ಲಿ ಕಿಡಿ ಹೊತ್ತಿಸಲು ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಮೊದಲಿನದಕ್ಕೆ ಹಾಕಿದೆ. ದೋಷ ಕಾಯಿಲಿನದಾಗಿದ್ದರೆ ಕೋಡ್ ಪಿ0303 ಆಗಬೇಕಿತ್ತು, ಆಗಲಿಲ್ಲ. ಸ್ಪಾರ್ಕ್ ಪ್ಲಗ್ ಹೊಸವು. ಕಂಪ್ರೆಷನ್, ಅಂದರೆ ಸಿಲಿಂಡರು ಗಾಳಿಯನ್ನು ಒತ್ತಿ ಹಿಡಿಯುವ ಬಲ, ನೋಡಿಸಿದೆ; ನಾಲ್ಕೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡಾ 10ರ ಒಳಗೇ ಇತ್ತು. ಪಿಸ್ಟನ್, ರಿಂಗ್, ವಾಲ್ವ್‌ಗಳ ಬಗೆಗಿನ ದೊಡ್ಡ ಭಯ ಅಲ್ಲಿಗೆ ಬಹುಮಟ್ಟಿಗೆ ಇಳಿಯಿತು. ಉಳಿದದ್ದು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಇಲ್ಲವೇ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ಗಳ ಮೇಲೆ ಕೂತ ಇಂಗಾಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸುವ ಎಂಜಿನ್‌ಗಳಲ್ಲಿ ಆ ವಾಲ್ವ್‌ಗಳ ಬೆನ್ನನ್ನು ಪೆಟ್ರೋಲ್ ತೊಳೆಯುವುದಿಲ್ಲ; ಎಣ್ಣೆಯ ಆವಿ ಅಂಟಿ, ಸುಟ್ಟು, ಪದರಗಟ್ಟುತ್ತದೆ. ವಾಲ್‌ನಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಅದನ್ನು ಕೆರೆಯುವ ಪದ್ಧತಿಯಿದೆ. ಅದನ್ನು ನಾನು ಮಾಡಿಸಲಿಲ್ಲ. ಮಾಡಿಸಿಯೂ ಮಿಸ್ಸಿಂಗ್ ಹೋಗದಿದ್ದರೆ ಆ ಖರ್ಚು ನನ್ನ ತಲೆಗೇ.

ಟರ್ಬೊದ ಕೋಡ್ ಪಿ0299, ಗಾಳಿಯ ಒತ್ತಡ ಬೇಕಾದಷ್ಟು ಏರುತ್ತಿಲ್ಲ ಎಂಬ ದೂರು. ಪೈಪುಗಳಿಗೆ ಹೊಗೆ ತುಂಬಿಸಿ ನೋಡಿಸಿದಾಗ ಎಲ್ಲಿಯೂ ಸೋರಿಕೆ ಕಾಣಲಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡವನ್ನು ಹೊರಬಿಡುವ ಡೈವರ್ಟರ್ ವಾಲ್ವ್ ಮೊದಲೇ ಬದಲಾಗಿತ್ತು. ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಬೇಕಾದಾಗ ಪಕ್ಕಕ್ಕೆ ಬಿಡುವ ಕದ) ಸಡಿಲವಿರಬಹುದೆಂದು ಮೆಕ್ಯಾನಿಕ್ ಹೇಳಿದರು. ‘ಇರಬಹುದು’ ಎಂದೇ ಬರೆದುಕೊಂಡೆ.

ಹೆಚ್ಚು ಹೊತ್ತು ತಿಂದದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಎರಡೂ ಸರಿಯಿದ್ದವು, ಅಂದರೆ ಬ್ಯಾಟರಿಯೂ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರೂ ಬಹುಮಟ್ಟಿಗೆ ನಿರ್ದೋಷಿ. ನಿಂತ ಕಾರಿನಲ್ಲಿ ಯಾವುದೋ ವಸ್ತು ಕದ್ದು ಕುಡಿಯುತ್ತಿದೆ. ಕಾರಿಗೆ ಬೀಗ ಹಾಕಿ, ಒಳಗಿನ ಕಂಪ್ಯೂಟರ್‌ಗಳೆಲ್ಲ ಮಲಗುವವರೆಗೆ ಕಾಯಬೇಕು. ಕೆಲವು ಕಾರುಗಳಲ್ಲಿ ಇದಕ್ಕೆ ಒಂದು ಗಂಟೆಯೂ ಹಿಡಿಯುತ್ತದೆ. ಆಮೇಲೆ ಹರಿಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗಿರಬೇಕೆಂಬುದು ಸಾಮಾನ್ಯ ಲೆಕ್ಕ. ನನ್ನದರಲ್ಲಿ ಬಹುತೇಕ ದಿನ ಅಷ್ಟೇ ಇರುತ್ತಿತ್ತು. ಒಮ್ಮೊಮ್ಮೆ ಮಾತ್ರ 300 ಮಿಲಿ ಆಂಪಿಯರಿನಲ್ಲಿ ನಿಂತುಬಿಡುತ್ತಿತ್ತು. ದಿನಕ್ಕೆ 7.2 ಆಂಪಿಯರ್ ಅವರ್ ಆಯಿತು. 60 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನ ದಾಟುವಷ್ಟರಲ್ಲಿ ಅರ್ಧಕ್ಕೆ ಬರುತ್ತದೆ. ಫ್ಯೂಸ್ ಕಿತ್ತು ಹುಡುಕುವುದು ಹಳೆಯ ಕ್ರಮ. ಹೊಸ ಕಾರುಗಳಲ್ಲಿ ಫ್ಯೂಸ್ ಮುಟ್ಟಿದರೆ ಮಲಗಿದ್ದೆಲ್ಲ ಎದ್ದು ಕೂರುತ್ತದೆ. ಹಾಗಾಗಿ ಫ್ಯೂಸನ್ನು ಇದ್ದಲ್ಲಿಯೇ ಬಿಟ್ಟು, ಅದರ ತಲೆಯ ಮೇಲಿನ ಎರಡು ಬಿಂದುಗಳ ನಡುವೆ ಮಿಲಿವೋಲ್ಟ್ ಅಳೆದೆ. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಡೋರ್ ಲಾಕ್‌ನ ಫ್ಯೂಸ್ ಸೊನ್ನೆ ತೋರಿಸಲಿಲ್ಲ. ಲಾಕ್‌ನೊಳಗಿನ ಪುಟ್ಟ ಸ್ವಿಚ್ಚೊಂದು ‘ಬಾಗಿಲು ತೆರೆದಿದೆ’ ಎಂದು ಸುಳ್ಳು ಹೇಳಿ ಕಾರನ್ನು ಎಚ್ಚರವಿಡುತ್ತಿದೆ ಎಂಬುದು ನನ್ನ ಅನುಮಾನ. ಸಾಬೀತಾಗಲಿಲ್ಲ.

ಬ್ಯಾಟರಿಯ ಟರ್ಮಿನಲ್ ಬಿಚ್ಚಿಟ್ಟು ಕಾರನ್ನು ನಿಲ್ಲಿಸುವುದು ಸುಲಭದ ಉಪಾಯವೆನಿಸುತ್ತದೆ. ಮಾರಾಟಕ್ಕಿಟ್ಟ ಕಾರಿನಲ್ಲಿ ಅದನ್ನು ಮಾಡಬೇಡಿ. ಅನೇಕ ಕಾರುಗಳಲ್ಲಿ ಅದರಿಂದಲೂ ಸ್ವಯಂಪರೀಕ್ಷೆಯ ದಾಖಲೆ ಅಳಿಸುತ್ತದೆ. ನೋಡಲು ಬಂದವನಿಗೆ ನೀವು ಕೋಡ್ ಒರೆಸಿದಂತೆಯೇ ಕಾಣುತ್ತದೆ. ಸಣ್ಣ ಚಾರ್ಜರ್ ಒಂದನ್ನು ಕಚ್ಚಿಸಿಟ್ಟೆ, ಬಂದವರಿಗೆಲ್ಲ ಅದನ್ನು ತೋರಿಸಿಯೇ ತೆಗೆದೆ.

ಎಲ್ಲ ದೋಷವನ್ನೂ ಹೇಳಿ ಮಾರಬಹುದೆಂದು ಇದರ ಅರ್ಥವಲ್ಲ. ಏರ್‌ಬ್ಯಾಗ್ ದೀಪ ಆಗಾಗ ಹೊತ್ತಿಕೊಳ್ಳುತ್ತಿತ್ತು; ಸೀಟಿನ ಕೆಳಗಿನ ಕನೆಕ್ಟರ್ ಸಡಿಲವಾಗಿತ್ತು, ಗ್ಯಾರೇಜಿನಲ್ಲಿ ಸರಿಮಾಡಿಸಿದೆ. ಏರ್‌ಬ್ಯಾಗಿನ ವೈರಿಂಗಿಗೆ ಮನೆಯಲ್ಲಿ ಕೈಹಾಕುವುದು ಜಾಣತನವಲ್ಲ. ಹಿಂದಿನ ಬಾಗಿಲಿನ ರಬ್ಬರ್ ಕೊಳವೆಯೊಳಗೆ ತೆರೆದು ಮುಚ್ಚಿ ಬಳುಕಿ ತುಂಡಾಗಿದ್ದ ತಂತಿಯಿಂದ ಬ್ರೇಕ್ ದೀಪವೊಂದು ಉರಿಯುತ್ತಿರಲಿಲ್ಲ, ಅದನ್ನೂ ಸರಿಮಾಡಿದೆ. ಮುಂದಿನ ಬ್ರೇಕ್ ಪ್ಯಾಡ್ ಹೊಸದಾಗಿ ಹಾಕಿಸಿದೆ. ಜೀವಕ್ಕೆ ಸಂಬಂಧಿಸಿದ್ದನ್ನು ಪಟ್ಟಿಯಲ್ಲಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಒಗ್ಗುವುದಿಲ್ಲ. ರಸ್ತೆಯಲ್ಲಿ ಹಿಂದೆ ಬರುವವನು ನನ್ನ ಪಟ್ಟಿ ಓದಿರುವುದಿಲ್ಲ.

ಹೊರಗಿನಿಂದ ಹಾಕಿಸಿದ್ದ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು ಕಂಪನಿಯದನ್ನೇ ಮತ್ತೆ ಕೂರಿಸಿದೆ. ಮಾರ್ಪಾಡಿಗೆ ಹಾಕಿದ ಹಣವನ್ನು ಮುಂದಿನವರು ಕೊಡುವುದಿಲ್ಲ, ಅದನ್ನು ಕಂಡು ಹಿಂಜರಿಯುವುದಂತೂ ಖಚಿತ. ಬಿಡಿಯಾಗಿ ಮಾರಿದರೆ ಅದಕ್ಕೂ ಬೆಲೆಯಿದೆ.

ಇಷ್ಟಾದ ಮೇಲೆ ಒಂದು ಹಾಳೆ ಸಿದ್ಧಮಾಡಿದೆ. ಪ್ರತಿ ದೋಷಕ್ಕೂ ಕಾಣುವ ಲಕ್ಷಣ, ಮಾಡಿಸಿದ ಪರೀಕ್ಷೆ, ಇನ್ನೂ ತಿಳಿಯದ ಅಂಶ. ಜಾಹೀರಾತಿನ ಮೊದಲ ಸಾಲುಗಳಲ್ಲೇ ಮೂರೂ ದೋಷ ಬರೆದೆ. ಮಿಸ್ ಹೊಡೆಯುವಾಗಿನ ವಿಡಿಯೋ ಹಾಕಿದೆ, ಹೊಳೆಯುವ ಚಕ್ರಗಳ ಚಿತ್ರ ಅದರ ನಂತರ. ಬೆಲೆ ಕಟ್ಟುವಾಗ ಆರೋಗ್ಯವಾಗಿರುವ ಇಂಥದೇ ಕಾರಿನ ಬೆಲೆಯಿಂದ ಪ್ರತಿ ದೋಷದ ಸಂಭವನೀಯ ರಿಪೇರಿಗಳಲ್ಲಿ ದುಬಾರಿಯಾದದ್ದನ್ನು ಕಳೆದೆ. ಹಾಗೆ ಕಳೆದಿರುವುದನ್ನೂ ಬರೆದೆ. ಇದು ಬಹಳ ಮುಖ್ಯ. ಬರೆಯದಿದ್ದರೆ ಪ್ರತಿಯೊಬ್ಬನೂ ಅದೇ ದೋಷ ತೋರಿಸಿ ಎರಡನೆಯ ಸಲ ಕಳೆಯುತ್ತಾನೆ.

ಕರೆಗಳು ಕಡಿಮೆ ಬಂದವು, ಬಂದವು ಕೆಲಸಕ್ಕೆ ಬರುವಂಥವು. ಹಳೆಯ ಕಾರುಗಳ ವ್ಯಾಪಾರಿಗಳು ಹಾಳೆ ನೋಡದೆಯೇ ಬಿಡಿಭಾಗದ ಬೆಲೆ ಹೇಳಿದರು. ಒಬ್ಬ ಹುಡುಗ ಬಂದ. ಅವನಿಗೆ ಇದು ಮೊದಲ ಕಾರು, ಕಣ್ಣೆಲ್ಲ ಟರ್ಬೊದ ಮೇಲೆ. “ಮಿಸ್ಸಿಂಗ್ ಬಿಡಿ, ಅದು ಸಣ್ಣದು” ಎಂದು ನನಗೇ ಸಮಾಧಾನ ಹೇಳಿದ. ಕೆಟ್ಟು ನಿಂತರೆ ಓಡಾಡಲು ಬೇರೆ ವಾಹನ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಅವನಿಗೆ ಕೊಡಲು ಮನಸ್ಸಾಗಲಿಲ್ಲ. ಪೂರ್ತಿ ಹಣ ಕೊಡಲು ಸಿದ್ಧನಿದ್ದವನನ್ನು ಹಿಂದಕ್ಕೆ ಕಳುಹಿಸಿದ್ದು ವ್ಯಾಪಾರದ ದೃಷ್ಟಿಯಿಂದ ದಡ್ಡತನವೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ನೋಡಲು ಬರುವವರು ಯಾರೇ ಆದರೂ ಎಂಜಿನ್ ತಣ್ಣಗೇ ಇರುವಂತೆ ನೋಡಿಕೊಂಡೆ. ತಿಳಿದವರು ಮೊದಲು ಬೋನೆಟ್ ಮೇಲೆ ಕೈಯಿಡುತ್ತಾರೆ. ಬೆಚ್ಚಗಿದ್ದರೆ ಅಲ್ಲಿಗೆ ಮುಗಿಯಿತು. ಓಡಿಸಿ ನೋಡಲು ಕೀಲಿ ಕೊಡುವ ಮುಂಚೆ ಪರವಾನಗಿ ನೋಡಿದೆ, ವಿಮೆ ಇನ್ನೊಬ್ಬರ ಚಾಲನೆಗೂ ಅನ್ವಯಿಸುತ್ತದೆಯೇ ಎಂದು ಖಾತ್ರಿಮಾಡಿಕೊಂಡೆ, ಅರ್ಧ ದಾರಿ ನಾನೇ ಓಡಿಸಿದೆ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಎಣ್ಣೆ ಕಾಯಲು ಹೊತ್ತು ಬೇಕು. ಅಲ್ಲಿಯವರೆಗೆ ಟರ್ಬೊ ಎಂಜಿನನ್ನು ಜಗ್ಗಬಾರದು. ಆ ತಾಳ್ಮೆ ಇಲ್ಲದವರು ಮುಂದೆ ಕಾರನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಕೊಂಡವರು ಅದೇ ಎಂಜಿನಿನ ಇನ್ನೊಂದು ಕಾರನ್ನು ಸ್ವತಃ ಬಿಚ್ಚಿ ಜೋಡಿಸಿದವರು. ಹಾಳೆಯನ್ನು ನಿಧಾನವಾಗಿ ಓದಿದರು. ತಮ್ಮ ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿದರು, ಕಂಪ್ರೆಷನ್‌ನ ವರದಿ ಕೇಳಿ ಪಡೆದರು, ಹಿಂದಿನ ಕಾರ್ಪೆಟ್ ಎತ್ತಿ ತೇವವಿದೆಯೇ ಎಂದು ಮುಟ್ಟಿ ನೋಡಿದರು. ನನ್ನ ವೇಸ್ಟ್‌ಗೇಟ್ ಅನುಮಾನವನ್ನು ಅವರು ಒಪ್ಪಲಿಲ್ಲ. ಟರ್ಬೊದ ಒತ್ತಡ ನಿಯಂತ್ರಿಸುವ ವಿದ್ಯುತ್ ವಾಲ್ವ್, ಅಂದರೆ ಸೊಲೆನಾಯ್ಡ್, ಕೆಟ್ಟಿರಬೇಕೆಂದರು. ಬೆಲೆ ಇಳಿಸಲು ಕೇಳಿದರು. ದೋಷಗಳ ಲೆಕ್ಕ ಆಗಲೇ ಕಳೆದಿರುವುದನ್ನು ತೋರಿಸಿದೆ. ಹಾಳೆಯಲ್ಲಿ ಇಲ್ಲದ್ದೇನಾದರೂ ಇದೆಯೇ ಎಂದೆ. ಹಿಂದಿನ ಎರಡು ಟೈರು ಸವೆದಿರುವುದನ್ನು ತೋರಿಸಿದರು. ಅದು ನ್ಯಾಯವೇ, ಅಷ್ಟನ್ನು ಇಳಿಸಿದೆ.

ಟೈರಿನ ಸಾಲನ್ನೂ ಸೇರಿಸಿ, ಓಡಿದ ಕಿಲೋಮೀಟರ್, ದಿನಾಂಕ, ಸಮಯ ಬರೆದು ಹಾಳೆಗೆ ಇಬ್ಬರೂ ಸಹಿ ಹಾಕಿದೆವು, ಒಬ್ಬೊಬ್ಬರಿಗೆ ಒಂದು ಪ್ರತಿ. ‘ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ’ ಎಂಬ ಒಂದೇ ಸಾಲಿನ ಚೀಟಿಗಿಂತ ಇದು ಗಟ್ಟಿ. ಏನನ್ನು ತಿಳಿದು ಕೊಂಡರು ಎಂಬುದು ಅದರಲ್ಲೇ ಇದೆ. ಹಣ ಖಾತೆಗೆ ಬಂದ ಮೇಲೆ ಎರಡೂ ಕೀಲಿ, ಸರ್ವಿಸ್ ಬಿಲ್‌ಗಳು, ತೆಗೆದಿಟ್ಟಿದ್ದ ಹಳೆಯ ಡೈವರ್ಟರ್ ವಾಲ್ವ್ ಕೊಟ್ಟೆ. ಕಾರಿನ ಪರದೆಯಿಂದ ನನ್ನ ಫೋನ್, ಸಂಪರ್ಕಗಳು, ಮನೆಯ ವಿಳಾಸ ಅಳಿಸಿ, ಮೊಬೈಲಿನಿಂದ ಬಾಗಿಲು ತೆರೆಯುವ ಆ್ಯಪ್‌ನಿಂದ ಕಾರನ್ನು ಬಿಡಿಸಿದೆ. ವಿಮೆಯನ್ನು ಮಾತ್ರ ನೋಂದಣಿ ಅವರ ಹೆಸರಿಗೆ ಬದಲಾದದ್ದು ಕಾಗದದಲ್ಲಿ ಕಂಡ ಮೇಲೆಯೇ ರದ್ದುಮಾಡಿಸಿದೆ.