ಟೊಮೆಟೊ ಬಾಕ್ಸಿನಿಂದ ರೆಪೋ ದರದವರೆಗೆ: ಅರ್ಥಶಾಸ್ತ್ರ ಕಲಿಸಿದ ನನ್ನ ಅನುಭವ

ಕೋಲಾರ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಹಲವು ವರ್ಷ ಬೇಡಿಕೆ ಮತ್ತು ಪೂರೈಕೆಯ ನಿಯಮಗಳನ್ನು ಬರೆಸಿ, ಹಲಗೆಯ ಮೇಲೆ ಎರಡು ರೇಖೆ ಎಳೆದು, ಅವು ಸಂಧಿಸುವಲ್ಲಿ ಸಮತೋಲನ ಬೆಲೆಯನ್ನು ಗುರುತಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ, ರೈತರ ಮನೆಯ ಹುಡುಗನೊಬ್ಬ ಎದ್ದು, "ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತೆ ಅಂತ ಬರೆಸಿದ್ದೀರಿ ಸಾರ್, ಮಂಡಿಗೆ ಬಾಕ್ಸೇ ಬರ್ತಿಲ್ವಲ್ಲ?" ಎಂದು ಕೇಳಿದ.

ತಪ್ಪು ನನ್ನದೇ. ಬೆಲೆ ಬದಲಾದಾಗ ಆಗುವ ರೇಖೆಯ ಮೇಲಿನ ಚಲನೆಗೂ ಬೇರೆ ಕಾರಣದಿಂದ ರೇಖೆಯೇ ಪಲ್ಲಟವಾಗುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. "ಇತರ ಅಂಶಗಳು ಸ್ಥಿರವಾಗಿದ್ದರೆ" ಎಂಬ ಷರತ್ತಿನ ಮೇಲೆ ನಿಂತಿರುವ ನಿಯಮ ಅದು. ಎಲೆ ಮುದುರು ರೋಗ ಮತ್ತು ಮಳೆಯಿಂದ ಬೆಳೆ ಕೆಟ್ಟಾಗ ಪೂರೈಕೆ ರೇಖೆ ಎಡಕ್ಕೆ ಸರಿಯುತ್ತದೆ, ಅಂದರೆ ಅದೇ ಬೆಲೆಗೆ ಮೊದಲಿಗಿಂತ ಕಡಿಮೆ ಮಾಲು ಬರುತ್ತದೆ, ಬೆಲೆಯೇರಿಕೆ ಅದರ ಪರಿಣಾಮವೇ ಹೊರತು ಕಾರಣವಲ್ಲ. ಏರಿದ ಬೆಲೆ ನೋಡಿ ಹೊಸದಾಗಿ ನಾಟಿ ಮಾಡಿದವರ ಫಸಲು ಮಂಡಿಗೆ ಬರಲು ತಿಂಗಳುಗಳೇ ಬೇಕು, ಮತ್ತು ಎಲ್ಲರದೂ ಒಟ್ಟಿಗೆ ಬಂದರೆ ಏನಾಗುತ್ತದೆಂಬುದನ್ನು ಆ ಮಕ್ಕಳಿಗೆ ನಾನು ಹೇಳಬೇಕಾಗಿರಲಿಲ್ಲ.

ಅಂದಿನಿಂದ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೂ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆಂಬುದನ್ನೂ, ಲೆಕ್ಕದಿಂದಲೇ ಆರಂಭಿಸುತ್ತೇನೆ. 300 ರೂಪಾಯಿಯಂತೆ 100 ಬಾಕ್ಸ್ ಮಾರಿದರೆ 30,000. 1,000 ರೂಪಾಯಿಯಂತೆ 60 ಬಾಕ್ಸ್ ಮಾರಿದರೆ 60,000. ಮಾಲು ಕಡಿಮೆಯಾದರೂ ಒಟ್ಟು ಆದಾಯ ಏರಿದ್ದು, ಟೊಮೆಟೊ ಇಲ್ಲದೆ ಸಾರು ಮಾಡಲಾಗದ ಮನೆಗಳಿಂದಾಗಿ. ಆದರೆ ಬೆಳೆ ಕಳೆದುಕೊಂಡವನಿಗೆ ಈ ಲಾಭ ದಕ್ಕುವುದಿಲ್ಲ. ಒಬ್ಬನ ಲೆಕ್ಕ ಬೇರೆ, ಒಟ್ಟು ಲೆಕ್ಕ ಬೇರೆ ಎಂಬ ಈ ಮಾತೇ, ಇಡೀ ದೇಶದ ಆರ್ಥಿಕತೆಯನ್ನು ಒಟ್ಟಾಗಿ ನೋಡುವ ಸಮಗ್ರ ಅರ್ಥಶಾಸ್ತ್ರಕ್ಕೆ ನಾನು ಕಂಡುಕೊಂಡ ಬಾಗಿಲು. ಒಂದು ಮನೆ ಖರ್ಚು ತಗ್ಗಿಸಿದರೆ ಉಳಿತಾಯ. ಮಂದಗತಿಯ ಕಾಲದಲ್ಲಿ ಎಲ್ಲರೂ ತಗ್ಗಿಸಿದರೆ ಮಾರಾಟ, ಉದ್ಯೋಗ, ಆದಾಯ ಕುಸಿದು ಒಟ್ಟು ಉಳಿತಾಯವೂ ಹೆಚ್ಚದೆ ಹೋಗಬಹುದು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಒತ್ತಿ ಹೇಳಿದ್ದು ಇದನ್ನೇ.

ಹಣದುಬ್ಬರಕ್ಕೂ, ಅಂದರೆ ಬೆಲೆಗಳು ವರ್ಷದಿಂದ ವರ್ಷಕ್ಕೆ ಏರುವ ದರಕ್ಕೂ, ಅದೇ ಟೊಮೆಟೊ ಒದಗಿತು. ಆ ಜುಲೈಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕ (ಮನೆಗಳು ಕೊಳ್ಳುವ ಸರಕು-ಸೇವೆಗಳ ಬೆಲೆಯ ಅಳತೆ) ಆಧಾರಿತ ಹಣದುಬ್ಬರ ಶೇ. 7.44ಕ್ಕೇರಿತ್ತು, ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಮೇಲ್ಮಿತಿ ಶೇ. 6. ಆದರೂ ಆಗಸ್ಟ್‌ನಲ್ಲಿ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ, ಶೇ. 6.5ರಲ್ಲೇ ಉಳಿಯಿತು. ಸಾಲ ದುಬಾರಿಯಾದರೆ ಬೇಡಿಕೆ ತಗ್ಗೀತು, ಟೊಮೆಟೊ ಬೆಳೆಯದು ಎಂದು ವಿವರಿಸಿದಾಗ ತರಗತಿ ನಕ್ಕಿತು, ಆದರೆ ಅರ್ಥವಾಯಿತು.

ಈಗಲೂ ನನ್ನನ್ನು ಸೋಲಿಸುವುದು ಒಂದಿದೆ: ಹಣದುಬ್ಬರ ಇಳಿಯಿತೆಂದರೆ ಬೆಲೆ ಇಳಿಯಿತೆಂದೇ ಅರ್ಧ ತರಗತಿ ಬರೆಯುತ್ತದೆ. ಸೂಚ್ಯಂಕ 100ರಿಂದ 107ಕ್ಕೆ, ಮರುವರ್ಷ 112ಕ್ಕೆ ಏರಿದರೆ ದರ ಶೇ. 7ರಿಂದ ಸುಮಾರು ಶೇ. 4.7ಕ್ಕೆ ಇಳಿಯುತ್ತದೆ, ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಈ ಲೆಕ್ಕವನ್ನು ಪ್ರತಿ ಕಿರುಪರೀಕ್ಷೆಯಲ್ಲೂ ಕೇಳುತ್ತಿದ್ದೇನೆ.