ಸ್ವಿಫ್ಟ್ ತಗ್ಗಿಸಿದ ಮೇಲೆ ಚಕ್ರ ನೇರವಾಗಿಸಿದ್ದು ಹೀಗೆ

ನನ್ನ ಎರಡನೇ ತಲೆಮಾರಿನ ಸ್ವಿಫ್ಟ್ ಅನ್ನು ಗಿಡ್ಡ ಸ್ಪ್ರಿಂಗ್ ಹಾಕಿ 30 ಮಿ.ಮೀ. ತಗ್ಗಿಸಿಕೊಂಡಿದ್ದೇನೆ, ತಿರುವಿನಲ್ಲಿ ಕಡಿಮೆ ವಾಲಲಿ ಎಂದು. ಅದಕ್ಕಿಂತ ಕೆಳಗಿಳಿಸಲು ಮನಸ್ಸು ಒಪ್ಪಲಿಲ್ಲ. ತಗ್ಗಿಸುವ ಮೊದಲು ಇದರ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ) 170 ಮಿ.ಮೀ.; ರಸ್ತೆ ಉಬ್ಬುಗಳಿಗೆ ನಿಗದಿಯಾದ ಎತ್ತರ 10 ಸೆಂ.ಮೀ. ಆದರೂ ಬೆಂಗಳೂರಿನ ಬಡಾವಣೆಗಳಲ್ಲಿ ಅದನ್ನು ಮೀರಿದವು ಬೇಕಾದಷ್ಟಿವೆ. ಇನ್ನೊಂದು ಕಾರಣ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲೇರುವಷ್ಟು ಕಾರು ಇಳಿದರೆ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ಬೇಗ ಕುಸಿಯುತ್ತದೆ. ಆಗ ತಿರುವಿನಲ್ಲಿ ಕಾರನ್ನು ವಾಲಿಸುವ ಬಲ ಹೆಚ್ಚುತ್ತದೆ. ತಗ್ಗಿಸಿದ ಉದ್ದೇಶವೇ ಹಾಳು.

ಸ್ಪ್ರಿಂಗ್ ಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡುಗಳಿಗೆ ಮಿತಿ ಹಾಕಿದೆ.

ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇರುವ ಗ್ಯಾರೇಜಿನಲ್ಲೇ ಮಾಡಿಸಿದೆ. ಅಲ್ಲಿ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಆರ್ಮ್‌ನ ಬುಷ್‌ಗಳ (ಕೀಲಿನ ರಬ್ಬರ್ ತೋಳು) ಬೋಲ್ಟನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಾರು ತಗ್ಗಿದ ಮೇಲೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬಗ್ಗೆ ಹೆದರಿಸುತ್ತಾರೆ. ನನ್ನ ಕಾರಿನಲ್ಲಿ ಅದು ಮೈನಸ್ ಒಂದು ಡಿಗ್ರಿಯ ಆಸುಪಾಸಿಗೆ ಬಂದಿದೆ, ಎಡ ಬಲ ಹೆಚ್ಚುಕಡಿಮೆ ಸಮವಾಗಿದೆ, ಹಾಗೆಯೇ ಬಿಟ್ಟಿದ್ದೇನೆ. ಟೈರ್ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಕಾರು ಇಳಿದಾಗ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನ ಬದಲಾಗಿ ಮುಂದಿನ ಚಕ್ರಗಳು ಹೊರಮುಖವಾಗಿದ್ದವು. ಟೈರಿನ ಮೇಲೆ ಅಡ್ಡಡ್ಡವಾಗಿ ಅಂಗೈ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪು, ಮರಳುವಾಗ ಗರಗಸದ ಹಲ್ಲಿನಂತೆ ತಡೆ. ಕಣ್ಣಿಗೆ ಕಾಣುವ ಮೊದಲೇ ಇದು ಕೈಗೆ ಸಿಗುತ್ತದೆ.

ಸ್ಪ್ರಿಂಗ್ ಕೂರಲು ಕೆಲವು ವಾರ ಓಡಿಸಿ, ಆಮೇಲೆ ಸಮತಟ್ಟಾದ ಪಾರ್ಕಿಂಗ್‌ನಲ್ಲಿ ದಾರ ಕಟ್ಟಿ ಅಳೆದೆ. ಮೊದಲು ಗಾಳಿಯ ಒತ್ತಡ ಸರಿಮಾಡಿ ಸ್ಟೀರಿಂಗ್ ನೇರಕ್ಕೆ ಬಿಗಿದಿಡಬೇಕು. ಕಾರಿನ ಎರಡೂ ಬದಿಗೆ ಹಬ್‌ನ (ಚಕ್ರದ ನಡುಭಾಗ) ಎತ್ತರದಲ್ಲಿ ದಾರ ಎಳೆದು, ಮುಂದಿನ ಎರಡು ಹಬ್‌ಗಳಿಂದ ದೂರ ಪರಸ್ಪರ ಸಮ, ಹಿಂದಿನ ಎರಡರಿಂದಲೂ ಹಾಗೆಯೇ ಸಮ ಬರುವಂತೆ ಹೊಂದಿಸಿದೆ. ಮುಂದಿನ ಎರಡು ಚಕ್ರಗಳ ನಡುವಿನ ಅಗಲವೂ ಹಿಂದಿನ ಎರಡರ ನಡುವಿನ ಅಗಲವೂ ಒಂದೇ ಆಗಿರುವುದಿಲ್ಲ, ಹಾಗಾಗಿ ನಾಲ್ಕೂ ಕಡೆ ಒಂದೇ ಅಳತೆ ಹುಡುಕಬಾರದು. ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂಬದಿಯ ಅಂಚಿಗೂ ಉಕ್ಕಿನ ಅಡಿಪಟ್ಟಿ ಹಿಡಿದು ನೋಡಿದೆ. ಮುಂದಿನ ಅಂಚು ದಾರಕ್ಕೆ ಹತ್ತಿರವಿದ್ದರೆ ಚಕ್ರ ಹೊರಗೆ ತಿರುಗಿದೆ ಎಂದರ್ಥ.

ಲಾಕ್ ನಟ್ ಸಡಿಲಿಸಿ ಎರಡೂ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಿದೆ. ಒಂದನ್ನೇ ತಿರುಗಿಸಿದರೆ ಸ್ಟೀರಿಂಗ್ ಓರೆಯಾಗುತ್ತದೆ. ಪ್ರತಿ ಸಲ ತಿರುಗಿಸಿದ ಬಳಿಕ ಕಾರನ್ನು ಕೆಲವು ಅಡಿ ಹಿಂದೆ ಮುಂದೆ ಉರುಳಿಸದೆ ಅಳೆದರೆ ಅಳತೆ ಸುಳ್ಳು, ಟೈರು ಕಚ್ಚಿಕೊಂಡಿರುತ್ತದೆ. ಈಗ ಟೋ ಸೊನ್ನೆಗೆ ಹತ್ತಿರ, ತುಸು ಒಳಮುಖ. ಕೊನೆಗೆ ಅಲೈನ್‌ಮೆಂಟ್ ಯಂತ್ರದಲ್ಲೂ ತೋರಿಸಿ ಖಚಿತಪಡಿಸಿಕೊಂಡೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್‌ನಲ್ಲಿ ತಿರುಗಿಸುವ ಬೋಲ್ಟೇ ಇಲ್ಲ, ಬಾಗಿಲ್ಲವೆಂದು ನೋಡಿದರೆ ಸಾಕು.

ಹೆಡ್‌ಲೈಟ್ ಬೆಳಕು ನೆಲಕ್ಕೆ ಹತ್ತಿರವಾಗಿತ್ತು. ಅದನ್ನು ಗೋಡೆಯ ಮೇಲೆ ಗುರುತು ಹಾಕಿ ಎತ್ತರಿಸಿದೆ.